ಅತ್ತೆಗೊಂದು ಸಮುದ್ರ

ಕೆಲವರ ಮನೆ ಬಾಗಿಲಿಗೆ ನೆಂಟರು ಬರ್ತಾರೆ, ಕೆಲವರ ಮನೆಗೆ ಕಾಯಿಲೆ ಬರುತ್ತೆ. ನಮ್ಮ ಮನೆಗೆ ಮಾತ್ರ ನಗೆಪಾಟಲು ವಿಳಾಸ ಕೇಳ್ಕೊಂಡು ಬರುತ್ತೆ. ನಾನು ಯಾವ ಕೆಲಸಕ್ಕೆ ಕೈ ಹಾಕಿದರೂ ಕೊನೆಗೆ ಬೀದಿಯವರೆಲ್ಲ ಕಾಂಪೌಂಡಿನ ಮೇಲೆ ಮೊಣಕೈ ಊರಿ ನಿಂತು ನೋಡೋ ಹಾಗಾಗುತ್ತೆ. ಈ ಸಲ ಕೈ ಹಾಕಿದ್ದು ಸಮುದ್ರಕ್ಕೆ.

ನಾನು ಹೊಳೆನರಸೀಪುರದಲ್ಲಿ ಇನ್ವರ್ಟರ್ ಬ್ಯಾಟರಿ ಅಂಗಡಿ ಇಟ್ಕೊಂಡಿರೋನು. ಹೆಂಡತಿ ನರ್ಸು, ಉಡುಪಿ ಕಡೆಯ ಕಡಲ ದಂಡೆಯವಳು. ಕೆಲಸಕ್ಕೆ ಅಂತ ಈ ಕಡೆ ಬಂದಳು, ನನ್ನ ಕೈಗೆ ಸಿಕ್ಕಿ ಹಾಕ್ಕೊಂಡಳು. ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ಸಮುದ್ರ ಮೇಲೆ ಬಂದು ನಮ್ಮ ಅತ್ತೆಯ ಮನೆಯನ್ನ ನುಂಗಿಬಿಡ್ತು. ಮೊದಲು ತೆಂಗಿನಮರ, ಆಮೇಲೆ ಬಚ್ಚಲು, ಆಮೇಲೆ ಪೂರ್ತಿ ಮನೆ. ಮಾವ ತೀರಿಕೊಂಡು ಬಹಳ ದಿನ ಆಗಿತ್ತು. ಇವಳೊಬ್ಬಳೇ ಮಗಳು. ಹೋಗಿ ಅತ್ತೆಯನ್ನ ಕರ್ಕೊಂಡು ಬಂದ್ವಿ.

ಅತ್ತೆ ಬಂದರು, ಅವರ ಮನಸ್ಸು ಬರಲಿಲ್ಲ. ಸಂಜೆ ಆಯ್ತು ಅಂದರೆ ಕುರ್ಚಿ ಎಳ್ಕೊಂಡು ಅಂಗಳದಲ್ಲಿ ಪಡುವಣಕ್ಕೆ ಮುಖ ಮಾಡಿ ಕೂರೋರು. ಪಡುವಣಕ್ಕೆ ಇದ್ದಿದ್ದು ಪಕ್ಕದ ಮನೆಯವರ ನೀರಿನ ಟ್ಯಾಂಕು. "ಇಲ್ಲಿ ಸದ್ದೇ ಇಲ್ಲ ಮಾರಾಯ್ರೆ, ಕಿವಿ ಖಾಲಿ ಖಾಲಿ ಆಗ್ತದೆ" ಅನ್ನೋರು. ನಮ್ಮ ಮನೆ ಇರೋದು ಬಸ್ ಸ್ಟ್ಯಾಂಡ್ ಪಕ್ಕದಲ್ಲಿ, ಬೆಳಗಿಂದ ಹಾರನ್ನಿಗೆ ನಾವು ಕೂಗಿ ಕೂಗಿ ಮಾತಾಡಬೇಕು.

ಊರಲ್ಲಿ ಅವರ ತಮ್ಮ ಒಂದು ಕೋಣೆ ಖಾಲಿ ಮಾಡಿಟ್ಟು "ಬಾ ಅಕ್ಕ" ಅಂತ ಕರೀತಾನೇ ಇದ್ದ. "ಈ ಹಬ್ಬ ಕಳೀಲಿ, ಹೊರಡ್ತೇನೆ" ಅಂತ ಅತ್ತೆ ಪ್ರತಿ ಹಬ್ಬಕ್ಕೂ ಹೇಳೋರು. ತಂದ ಬ್ಯಾಗು ಬಿಚ್ಚಿರಲೇ ಇಲ್ಲ. ಅವರಿಗೆ ಸಕ್ಕರೆ ಕಾಯಿಲೆ, ದಿನಾ ಇಂಜೆಕ್ಷನ್ ಆಗಬೇಕು, ಚುಚ್ಚೋಳು ಇವಳೇ. ಹೆಂಡತಿ ಅಡುಗೆಮನೆಯಲ್ಲಿ ಸೆರಗಿನಿಂದ ಮೂಗು ಒರೆಸ್ಕೊಂಡು, "ಅಮ್ಮ ಅಲ್ಲಿಗೆ ಹೋದರೆ ನನಗೆ ಅನ್ನ ಇಳಿಯೋದಿಲ್ಲ ರೀ, ಏನಾದರೂ ಮಾಡಿ" ಅಂದಳು. ಏನು ಮಾಡಲಿ? ಅಷ್ಟರಲ್ಲಿ ಮೊಬೈಲಿನಲ್ಲಿ ಯಾರೋ ಒಬ್ಬ ತನ್ನ ನಡುಮನೆಯಲ್ಲೇ ಗಾಜಿನ ತೊಟ್ಟಿಯೊಳಗೆ ಸಮುದ್ರ ಸಾಕಿದ್ದನ್ನ ನೋಡಿದೆ. ಅತ್ತೆ ಸಮುದ್ರಕ್ಕೆ ಹೋಗೋ ಬದಲು ಸಮುದ್ರವೇ ಅತ್ತೆ ಹತ್ತಿರ ಬರಲಿ ಅಂತ ಹೊರಟೇಬಿಟ್ಟೆ.

ಹಿರೀಸಾವೆಯಲ್ಲಿ ಕಲ್ಲು

ಉಪ್ಪುನೀರಿನ ತೊಟ್ಟಿಗೆ ಮೊದಲು ಬೇಕಾಗಿದ್ದು ಮೀನಲ್ಲ, ಕಲ್ಲು. ಅದೂ ಜೀವ ಹಿಡಿದ ಕಲ್ಲು. ತೂತು ತೂತಾಗಿರೋ ಕಲ್ಲನ್ನ ಉಪ್ಪುನೀರಲ್ಲಿ ತಿಂಗಳುಗಟ್ಟಲೆ ಮುಳುಗಿಸಿಟ್ಟರೆ ಅದರೊಳಗೆ ಕಣ್ಣಿಗೆ ಕಾಣದ ಜೀವಗಳು ಮನೆ ಮಾಡ್ಕೊಳ್ತವಂತೆ. ತೊಟ್ಟಿಯ ಕೊಳೆಯನ್ನೆಲ್ಲ ಅವೇ ತಿಂದು ನೀರು ತಿಳಿಯಾಗಿ ಇಡ್ತವಂತೆ. ಸಮುದ್ರದಿಂದ ಕಿತ್ತು ತರೋ ಹಾಗಿಲ್ಲ, ಕಾನೂನಿದೆ. ಬೆಂಗಳೂರಿನ ಅಂಗಡಿಯವನು ತನ್ನ ತೊಟ್ಟಿಯಲ್ಲೇ ಬೆಳೆಸಿದ್ದನ್ನ ಕೊಟ್ಟ. "ಒಣಗಿದರೆ ಸತ್ತುಹೋಗುತ್ತೆ ಸಾರ್" ಅಂತ ಒದ್ದೆ ಪೇಪರಲ್ಲಿ ಸುತ್ತಿ, ಥರ್ಮಾಕೋಲ್ ಡಬ್ಬಿಗೆ ಹಾಕಿ, ಕೈಗೊಂದು ಬಾಟಲಿ ಉಪ್ಪುನೀರೂ ಕೊಟ್ಟ.

ಹಿರೀಸಾವೆ ಹತ್ತಿರ ಬಸ್ಸು ಕಾಫಿಗೆ ನಿಲ್ತು. ಎಲ್ಲರೂ ಹೋಟೆಲಿಗೆ ಹೋದರೆ ನಾನು ಡಬ್ಬಿ ಇಳಿಸ್ಕೊಂಡು, ಮುಚ್ಚಳ ತೆಗೆದು, ಎಳೇ ಮಗೂಗೆ ನೀರು ಹಾಕೋ ಹಾಗೆ ಮೆತ್ತಗೆ ಚಿಮುಕಿಸ್ತಾ ಕೂತೆ. ಹೆಗಲ ಮೇಲೆ ಟವೆಲ್ ಹಾಕ್ಕೊಂಡಿದ್ದ ರೈತರೊಬ್ಬರು ಬಗ್ಗಿ ನೋಡಿದರು.

"ಏನ್ ಸಾ ಅದು?"

"ಕಲ್ಲು."

"ಎಲ್ಲಿಂದ?"

"ಬೆಂಗಳೂರಿಂದ."

"ಎಲ್ಲಿಗೆ?"

"ಹಾಸನ ಜಿಲ್ಲೆಗೇ. ಹೊಳೆನರಸೀಪುರಕ್ಕೆ."

ಅವರು ನನ್ನ ಮುಖ ನೋಡಿದರು, ಆಮೇಲೆ ರಸ್ತೆಯಾಚೆಗಿನ ಕಲ್ಲುಬೆಟ್ಟದ ಕಡೆ ನೋಡಿದರು. ಬಸ್ಸಿನ ಕಂಡಕ್ಟರನ್ನ ಕರೆದು ಅವನಿಗೂ ತೋರಿಸಿದರು. ಕೊನೆಗೆ ನನ್ನ ಹೆಗಲ ಮೇಲೆ ಕೈ ಇಟ್ಟು ಬಹಳ ಸಂಕಟದಿಂದ ಹೇಳಿದರು: "ಅಲ್ಲಾ ಸಾ, ನಮ್ ತ್ವಾಟದ ಬಂಡೆ ತೆಗ್ಸಕ್ಕೆ ವರ್ಸದಿಂದ ಒದ್ದಾಡ್ತಾವ್ನಿ. ಒಂದ್ ಫೋನ್ ಮಾಡಿದ್ರೆ ಟ್ರ್ಯಾಕ್ಟರ್ ಲೋಡೇ ನಿಮ್ಮನೆ ಮುಂದೆ ಸುರೀತಿರ್ನಿಲ್ವಾ?"

ಉಪ್ಪು ತೆಗೆದ ನೀರಿಗೆ ಉಪ್ಪು

ನಮ್ಮ ಬೋರ್ ನೀರು ಈ ತೊಟ್ಟಿಗೆ ಆಗಲ್ಲ, ಗಡಸು. ಕಲ್ಲು ಒಣಗೋದರೊಳಗೆ ಅಂತ ಬೀದಿ ಕೊನೆಯ ಶುದ್ಧ ಕುಡಿಯುವ ನೀರಿನ ಘಟಕದಿಂದ ಸ್ಕೂಟರಿನಲ್ಲಿ ಕ್ಯಾನ್ ಮೇಲೆ ಕ್ಯಾನ್ ಹೊತ್ತೆ. ಐದನೇ ಸಲಕ್ಕೆ ಘಟಕ ನೋಡ್ಕೊಳ್ಳೋನು ತಡೀಲಾರದೆ ಕೇಳಿದ, "ಏನ್ ಸಾ, ಮನೇಲಿ ಫಂಕ್ಷನ್ನಾ?"

"ಇಲ್ಲಪ್ಪಾ, ಇದಕ್ಕೆ ಉಪ್ಪು ಹಾಕಬೇಕು."

"ಎಷ್ಟು?"

"ಸಮುದ್ರದ ನೀರಿನಷ್ಟು."

ಅವನು ನಲ್ಲಿ ನಿಲ್ಲಿಸಿಬಿಟ್ಟ. "ಸಾ, ಉಪ್ಪು ತೆಗೀಲಿ ಅಂತ ಸರ್ಕಾರದೋರು ಇಷ್ಟ್ ದೊಡ್ ಮಿಸೀನ್ ತಂದಿಕ್ಕವ್ರೆ. ನೀವು ತಗಂಡೋಗಿ ತಿರ್ಗಾ ಉಪ್ಪಾಕ್ತೀರಾ?" ಅವತ್ತಿಂದ ನಾನು ಆ ಕಡೆ ಹೋದಾಗೆಲ್ಲ ಸರದಿಯಲ್ಲಿ ನಿಂತಿರೋ ಹೆಂಗಸರು ಕೊಡ ಎಳ್ಕೊಂಡು ಸ್ವಲ್ಪ ಆಚೆಗೆ ಸರೀತಾರೆ.

ಮನೆಯಲ್ಲಿ ಡ್ರಮ್ಮಿಗೆ ಆ ಬೆಂಗಳೂರಿನ ಅಂಗಡಿಯಿಂದ ತಂದಿದ್ದ ಉಪ್ಪು ಹಾಕಿ ಕಲಕಿದೆ. ಉಪ್ಪು ಅಳೆಯೋಕೆ ದುರ್ಬೀನಿನ ಥರದ್ದೊಂದು ಸಾಧನ ತಂದಿದ್ದೆ. ಕಣ್ಣಿಗಿಟ್ಟು ನೋಡಿ, "ಸರಿಯಾಗಿದೆ!" ಅಂತ ಘೋಷಿಸಿದೆ. ಅತ್ತೆ ಅಲ್ಲಿಯವರೆಗೆ ಈ ಕಡೆ ತಿರುಗಿಯೂ ನೋಡಿರಲಿಲ್ಲ. ಎದ್ದು ಬಂದರು, ಒಂದು ಬೆರಳು ಅದ್ದಿದರು, ನಾಲಿಗೆಗೆ ಮುಟ್ಟಿಸಿದರು.

"ಸಪ್ಪೆ ಉಂಟು."

"ಅತ್ತೆ, ಇದು ಯಂತ್ರ. ಇದು ಸುಳ್ಳು ಹೇಳಲ್ಲ."

"ಯಂತ್ರ ಎಷ್ಟು ವರ್ಷ ಸಮುದ್ರದಲ್ಲಿ ಇತ್ತು?"

ಯಂತ್ರವನ್ನ ತಿರುಗಾಮುರುಗಾ ಮಾಡಿ ನೋಡಿದರೆ, ಶುರುವಿಗೇ ಅದರ ಗೆರೆ ಸೊನ್ನೆಗೆ ಕೂರಿಸಬೇಕಿತ್ತು, ನಾನು ಕೂರಿಸಿರಲಿಲ್ಲ. ಮೂರು ಲೋಟ ಉಪ್ಪು ಮತ್ತೆ ಹಿಡೀತು. ಆ ದುರ್ಬೀನು ಈಗ ಬೀರುವಿನಲ್ಲಿದೆ. ಅಳತೆ ಅತ್ತೆಯದೇ.

ಇಲ್ಲದ ಮೀನು

ಕಲ್ಲು ಇಟ್ಟ ಮೇಲೆ ಆರು ವಾರ ಮೀನು ಬಿಡೋ ಹಾಗಿಲ್ಲ. ನೀರು ಹದಕ್ಕೆ ಬರಬೇಕು. ಇದನ್ನ ಊರಿಗೆ ಹೇಳೋದು ಹೇಗೆ? ನೀಲಿ ಲೈಟು, ಅಲೆ ಎಬ್ಬಿಸೋ ಪಂಪು, ನಡುವೆ ಕಲ್ಲಿನ ಗುಡ್ಡೆ. ಬಂದವರೆಲ್ಲ ಬಗ್ಗಿ, ಎದ್ದು, ಪಕ್ಕಕ್ಕೆ ಹೋಗಿ, "ಮೀನೆಲ್ಲಿ?" ಅನ್ನೋರು. "ಇಲ್ಲ." "ಮತ್ತೆ ನೋಡೋದೇನು?" "ಕಲ್ಲು." ಹೇಳಿ ಹೇಳಿ ಬಾಯಿ ಸೋತು, ಎದುರುಮನೆಯ ರಿಟೈರ್ಡ್ ಮೇಷ್ಟ್ರು ಬಂದಾಗ, "ಇದೆ ಸಾರ್, ಸ್ವಲ್ಪ ನಾಚಿಕೆ ಅದಕ್ಕೆ" ಅಂದುಬಿಟ್ಟೆ.

ಮೇಷ್ಟ್ರು ಕನ್ನಡಕ ಒರೆಸ್ಕೊಂಡು ಕೂತರು. ಹತ್ತು ನಿಮಿಷ ಆಗಿಲ್ಲ, "ಅಗೋ! ಬಾಲ! ಕಲ್ಲಿನ ಹಿಂದೆ ಹೋಯ್ತು! ಕೆಂಪಗಿದೆ!" ಅಂತ ಕೂಗಿದರು. ಮಾರನೇ ದಿನ ಹೆಂಡತಿಯನ್ನ ಕರ್ಕೊಂಡು ಬಂದರು. ಆಯಮ್ಮನಿಗೆ ಎರಡು ಕಾಣಿಸ್ತು. ನನಗೆ ಪಾಪಪ್ರಜ್ಞೆ ಕಾಡಿ, "ಮೇಷ್ಟ್ರೇ, ತಪ್ಪಾಯ್ತು, ಅದರಲ್ಲಿ ಮೀನೇ ಇಲ್ಲ" ಅಂದೆ. ಅವರಿಗೆ ಎಲ್ಲಿಲ್ಲದ ಸಿಟ್ಟು ಬಂತು. "ನಿನಗೆ ಕಾಣಲಿಲ್ಲ ಅಂದರೆ ಇಲ್ಲ ಅಂತಲೇನಯ್ಯ? ಮೊದಲು ಕಣ್ಣು ತೋರಿಸ್ಕೋ."

ಅವರು ಹೋದ ಮೇಲೆ ನಾನೂ ಹೆಂಡತಿಯೂ ಹೊಟ್ಟೆ ಹಿಡ್ಕೊಂಡು ನಕ್ಕೆವು. ಅತ್ತೆ ನಗಲಿಲ್ಲ. "ನಗ್ಬೇಡಿ. ಆಸೆ ಇದ್ದರೆ ಕಾಣ್ತದೆ. ನನಗೆ ದಿನಾ ಆ ಪಕ್ಕದ ಮನೆಯ ಟ್ಯಾಂಕಿನ ಹಿಂದೆ ದೋಣಿ ಕಾಣುದಿಲ್ವಾ?" ಅಂದರು. ಆಮೇಲೆ ಅವರೇ, "ಆದರೆ ಕೆಂಪು ಬಾಲ ಅಂತ ಹೇಳಿದ್ದು ಮಾತ್ರ ಜಾಸ್ತಿ ಆಯ್ತು" ಅಂತ ಎದ್ದು ಹೋದರು.

ಅರಕಲಗೂಡು ದೊಡ್ಡಮ್ಮನ ಸೋಮವಾರ

ಅರಕಲಗೂಡಿನಲ್ಲಿ ನನ್ನ ದೊಡ್ಡಮ್ಮ ಇದ್ದಾರೆ. ಶುಂಠಿ ಹೊಲ, ಹೊಗೆಸೊಪ್ಪು ಒಣಗಿಸೋ ಬ್ಯಾರನ್ನು, ದೇವರು, ಈ ಮೂರು ಬಿಟ್ಟರೆ ಬೇರೆ ಲೋಕ ಇಲ್ಲ ಅವರಿಗೆ. ಫೋನಿನಲ್ಲಿ ಯಾರೋ "ನಿಮ್ಮ ಮಗನ ಮನೇಗೆ ಜೀವ ಇರೋ ಕಲ್ಲು ಬಂದದಂತೆ" ಅಂದಿದ್ದಾರೆ. ಅಷ್ಟು ಸಾಕಾಯ್ತು. ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಬಂದಿಳಿದರು. ನಾನು ಅಂಗಡಿಯಲ್ಲಿದ್ದೆ, ಹೆಂಡತಿ ಡ್ಯೂಟಿಯಲ್ಲಿ. ಅತ್ತೆ ಸ್ನಾನಕ್ಕೆ ಹೋಗಿದ್ದರು.

ನೀರೊಳಗೆ ಕಲ್ಲು, ಸುತ್ತ ನೀಲಿ ಬೆಳಕು, ತಾನಾಗೇ ಏಳೋ ಗುಳ್ಳೆ. ದೊಡ್ಡಮ್ಮ ಇನ್ನೇನು ಮಾಡಿಯಾರು? ಸ್ಟೂಲು ಹತ್ತಿ ಅರಿಶಿನ, ಕುಂಕುಮ, ಒಂದು ಹಿಡಿ ಹೂವು ಹಾಕಿ, ಮನೆಯಿಂದ ತಂದಿದ್ದ ಹಸುವಿನ ಹಾಲು ಒಂದು ಚೊಂಬು ಪೂರ್ತಿ ಅಭಿಷೇಕ ಮಾಡಿದ್ದಾರೆ.

ಆ ತೊಟ್ಟಿಯ ಹಿಂದೆ ನೀರಿನ ಜಿಡ್ಡನ್ನ ನೊರೆ ಮಾಡಿ ತೆಗೆಯೋ ಒಂದು ಯಂತ್ರ ಇರುತ್ತೆ. ಹಾಲು ಅದಕ್ಕೆ ಹೋಗಿದ್ದೇ ತಡ, ನೊರೆ ಉಕ್ಕಿತು ನೋಡಿ! ಸುದ್ದಿ ಕೇಳಿ ನಾನು ಓಡಿ ಬರೋ ಹೊತ್ತಿಗೆ ನಡುಮನೆ ತುಂಬಾ ಮೊಣಕಾಲುದ್ದ ಹಳದಿ ನೊರೆ. ದೊಡ್ಡಮ್ಮ ಅದರ ನಡುವೆ ಕೈ ಮುಗಿದು ನಿಂತು, "ಉಕ್ತಾವ್ನೆ ಕಣ್ಲಾ ಸ್ವಾಮಿ! ಒಪ್ಕಂಡವ್ನೆ!" ಅಂತ ಕಣ್ಣೀರು ಹಾಕ್ತಿದ್ದರು. ಬಚ್ಚಲ ಬಾಗಿಲಲ್ಲಿ ಅತ್ತೆ, ತಲೆಗೆ ಟವೆಲ್ ಸುತ್ತಿಕೊಂಡು, ಗೋಡೆ ಹಿಡ್ಕೊಂಡು ನಗ್ತಾ ಇದ್ದರು. ಮನೆ ಹೋದ ಮೇಲೆ ಅವರು ನಕ್ಕಿದ್ದನ್ನ ನಾನು ನೋಡಿದ್ದು ಅವತ್ತೇ. ಬೈಯೋದು ಬಿಟ್ಟು ಹೋಗಿ ಸ್ವಿಚ್ ಆಫ್ ಮಾಡಿದೆ.

ಸಂಜೆವರೆಗೂ ನಾನು, ಅತ್ತೆ ಇಬ್ಬರೂ ನೀರು ಬದಲಾಯಿಸಿದೆವು. ದೊಡ್ಡಮ್ಮನಿಗೆ ಎಲ್ಲಾ ಬಿಡಿಸಿ ಹೇಳಿದೆ. ಅವರು ಗಮನವಿಟ್ಟು ಕೇಳಿದರು, ತಲೆ ಆಡಿಸಿದರು, ಬಸ್ಸು ಹತ್ತೋವಾಗ ಕಿಟಕಿಯಿಂದ ಕೂಗಿ ಹೇಳಿದರು: "ಹಾಲು ಒಗ್ಗಕಿಲ್ಲ ಅಂದ್ಯಲ್ಲಾ, ಬರೋ ಸೋಮ್ವಾರ ಮೊಸ್ರು ತತ್ತೀನಿ ಬುಡು!"

ಫ್ಯಾನು ಯಾರಿಗೆ

ಏಪ್ರಿಲ್ ಸೆಖೆಗೆ ತೊಟ್ಟಿಯ ನೀರು ಕಾಯೋಕೆ ಶುರುವಾಯ್ತು. ನೀರಿನ ಮೇಲೆ ಟೇಬಲ್ ಫ್ಯಾನ್ ಬೀಸಬೇಕು. ಅದೇ ಸಮಯಕ್ಕೆ ಚನ್ನರಾಯಪಟ್ಟಣದಿಂದ ನನ್ನ ತಂಗಿಯ ಗಂಡ ಬಂದ. ಬಿಸಿಲಲ್ಲಿ ಬೈಕ್ ಓಡಿಸ್ಕೊಂಡು ಬಂದವನು ಅಂಗಿ ಗುಂಡಿ ಬಿಚ್ಚಿ, ಫ್ಯಾನನ್ನ ತನ್ನ ಕಡೆಗೆ ತಿರುಗಿಸ್ಕೊಂಡ. ಅತ್ತೆ ಬಂದು ಅದನ್ನ ತೊಟ್ಟಿ ಕಡೆಗೆ ತಿರುಗಿಸಿದರು. ಅವನು ಮತ್ತೆ ತಿರುಗಿಸ್ಕೊಂಡ. ಅತ್ತೆ ಮತ್ತೆ ಬಂದರು. ಮೂರನೇ ಸಲಕ್ಕೆ ಅವನ ಕೈಗೊಂದು ರಟ್ಟು ಕೊಟ್ಟು, "ನಿಮಗೆ ಕೈ ಉಂಟಲ್ಲ" ಅಂದರು. ಅವನು ರಟ್ಟು ಬೀಸ್ಕೊಳ್ತಾ ನನ್ನ ಕಡೆ ನೋಡಿದ. "ಬಾವ, ಮುಂದಿನ ಜನ್ಮ ಅಂತ ಒಂದಿದ್ರೆ ನಿಮ್ಮನೇಲಿ ಕಲ್ಲಾಗಿ ಹುಟ್ತೀನಿ ಬಿಡಿ."

ಆ ವಾರವೇ ಎರಡು ಮೀನು ತಂದೆ. ಕಿತ್ತಳೆ ಬಣ್ಣ, ಬಿಳಿ ಪಟ್ಟೆ, ಒಂದೊಂದೂ ಹೆಬ್ಬೆರಳಿನಷ್ಟು. ಹೆಂಡತಿ ಅಮ್ಮನ ಮುಖವನ್ನೇ ನೋಡ್ತಿದ್ದಳು. ಅತ್ತೆ ಮೀನಂಗಡಿಯಲ್ಲಿ ಬುಟ್ಟಿ ನೋಡೋ ಹಾಗೆ ನೋಡಿದರು. "ಎಂತದಿದು ಮಾರಾಯ್ರೆ? ಬಲೆಗೆ ಬಿದ್ದಿದ್ದರೆ ವಾಪಸ್ ನೀರಿಗೆ ಎಸೀತಿದ್ದೆವು. ಇದಕ್ಕೆ ಕಾಯಿ ಅರೆದರೆ ಕಾಯಿಗೇ ಅವಮಾನ!"

ನನಗೆ ಪೆಚ್ಚಾಯ್ತು. ಆದರೆ ಅವತ್ತು ಸಂಜೆ ನೋಡ್ತೀನಿ, ಅವರ ಕುರ್ಚಿ ಅಂಗಳದಲ್ಲಿ ಇಲ್ಲ. ನಡುಮನೆಯಲ್ಲಿ, ತೊಟ್ಟಿ ಎದುರಿಗಿದೆ. ಹೆಂಡತಿ ನನ್ನ ಕೈ ಹಿಂಡಿದಳು. ಮಾರನೇ ಬೆಳಿಗ್ಗೆ ಅತ್ತೆ ಕಾಫಿ ಕುಡೀತಾ, "ಈ ಹಬ್ಬ ಕಳೀಲಿ, ಹೊರಡ್ತೇನೆ" ಅಂದರು.

ಸಮುದ್ರದ ಎದುರು

ಹಬ್ಬ ಕಳೀತು. ಅವರ ತಮ್ಮನ ಮೊಮ್ಮಗೂಗೆ ನಾಮಕರಣ ಅಂತ ಫೋನ್ ಬಂತು. ಅತ್ತೆ ಸೀರೆಯೆಲ್ಲ ತುಂಬಿದ್ದ ಆ ಬ್ಯಾಗನ್ನೇ ಹಿಡಿದು ನಿಂತರು. ಒಂದು ನಾಮಕರಣಕ್ಕೆ ಅಷ್ಟೊಂದು ಸೀರೆ ಯಾಕೆ ಅಂತ ಕೇಳೋ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ. ಘಾಟಿ ಇಳಿಯೋವರೆಗೂ ಹೆಂಡತಿ ಕಿಟಕಿ ಕಡೆ ಮುಖ ಮಾಡಿ ಅಳ್ತಾನೇ ಇದ್ದಳು. ನಾನು ಅತ್ತೆಯ ಬ್ಯಾಗನ್ನ ತೊಡೆ ಮೇಲಿಂದ ಇಳಿಸಲೇ ಇಲ್ಲ. ಆಯಮ್ಮ ನನಗೆ ಬರೀ ಅತ್ತೆಯಾಗಿ ಉಳಿದಿರಲಿಲ್ಲ.

ನಾಮಕರಣ ಮುಗೀತು. ತಮ್ಮ ಕೋಣೆ ತೋರಿಸಿದ. ಹೊಸ ಸುಣ್ಣ, ಹೊಸ ಮಂಚ, ಕಿಟಕಿ ತೆಗೆದರೆ ಸಮುದ್ರದ ಸದ್ದು. ಅತ್ತೆ ಅದನ್ನೆಲ್ಲ ನೋಡಿ, "ಸ್ವಲ್ಪ ದಂಡೆಗೆ ಹೋಗಿ ಬರುವ" ಅಂತ ನಮ್ಮನ್ನ ಕರ್ಕೊಂಡು ಹೊರಟರು.

ಮನೆ ಇದ್ದ ಜಾಗದಲ್ಲಿ ಈಗ ತಡೆಗೋಡೆಗೆ ಅಂತ ಸುರಿದ ದೊಡ್ಡ ದೊಡ್ಡ ಬಂಡೆ. ಅದರಾಚೆ ಅಲೆ ಮೇಲೆ ಅಲೆ. ಅತ್ತೆ ನೀರಿನ ಕಡೆ ಬೆರಳು ತೋರಿಸಿದರು. "ಅಲ್ಲಿ ಒಲೆ ಇತ್ತು. ಆ ನೊರೆ ಉಂಟಲ್ಲ, ಅಲ್ಲಿ ನಿನ್ನ ತೊಟ್ಟಿಲು." ಹೆಂಡತಿ ಅವರ ತೋಳು ಹಿಡ್ಕೊಂಡಳು. ಇಷ್ಟು ದೊಡ್ಡದನ್ನ ಬಿಟ್ಟು ಬಂದವರಿಗೆ ನಾನು ಗಾಜಿನ ಡಬ್ಬಿಯಲ್ಲಿ ಸಮುದ್ರ ಕೊಡೋಕೆ ಹೊರಟಿದ್ದೆನಲ್ಲ ಅಂತ ನನಗೆ ನಾಚಿಕೆಯಾಯ್ತು. ಮುಗೀತು, ಇನ್ನು ಇವರು ಬರೋದಿಲ್ಲ ಅಂತ ಮನಸ್ಸು ಗಟ್ಟಿ ಮಾಡ್ಕೊಂಡೆ.

ಅತ್ತೆ ಮೂಗು ಒರೆಸ್ಕೊಂಡು ತಿರುಗಿದರು.

"ನಡೀರಿ ಅಳಿಯಂದಿರೇ, ಬಸ್ಸಿಗೆ ಹೊತ್ತಾಯ್ತು. ನನ್ನ ಬ್ಯಾಗು ತಗೊಳ್ಳಿ."

"ನಿಮ್ಮ ಬ್ಯಾಗಾ? ಎಲ್ಲಿಗೆ ಅತ್ತೆ?"

"ಎಲ್ಲಿಗೆ ಅಂದರೆ? ಹೊಳೆನರಸೀಪುರಕ್ಕೆ."

ನಾನೊಬ್ಬ ದಡ್ಡ, ಬಾಯಿ ಮುಚ್ಕೊಂಡು ಇರಬಾರದಾ? "ಸಮುದ್ರ ಇಲ್ಲೇ ಇದೆಯಲ್ಲ ಅತ್ತೆ?" ಅಂತ ಕೇಳಿಬಿಟ್ಟೆ.

ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿ, ಅಷ್ಟಗಲದ ಸಮುದ್ರವನ್ನ ಈ ತುದಿಯಿಂದ ಆ ತುದಿವರೆಗೂ ಒಮ್ಮೆ ದುರುಗುಟ್ಟಿ ನೋಡಿದರು.

"ಇದನ್ನು ನಂಬ್ಲಿಕ್ಕುಂಟಾ ಮಾರಾಯ್ರೆ? ನಿಮ್ಮದಾದರೆ ಇಟ್ಟಲ್ಲೇ ಇರ್ತದೆ. ಜಾಸ್ತಿ ಹಾರಾಡಿದರೆ ಸ್ವಿಚ್ ಆಫ್ ಮಾಡ್ಬಹುದು."