ಅವರು ಗೆದ್ದುಬಿಟ್ಟರೆ?

ಯಾರು ಗೆಲ್ಲುತ್ತಾರೆಂದು ಮಕ್ಕಳಿಗೂ ಗೊತ್ತಿರುವ ದೇಶದಲ್ಲಿ, ಯಾರಿಗೆ ಮತ ಹಾಕಲಿ ಎಂಬ ಚಿಂತೆಯಿಂದ ಒಬ್ಬರು ಊಟ ಬಿಟ್ಟರೆಂದರೆ ನಂಬುತ್ತೀರಾ? ನಂಬಲೇಬೇಕು, ಅವರು ನನ್ನ ಚಿಕ್ಕಪ್ಪ!

ತಂಜಾಂಗ್ ಪಗಾರ್ ಬಡಾವಣೆಯ ಆಫೀಸಿನಲ್ಲಿ ಬೇರೆಯವರ ಕೋಟಿಗಳನ್ನು ಕಣ್ಣು ಮಿಟುಕಿಸುವುದರೊಳಗೆ ಅತ್ತಿಂದಿತ್ತ ಮಾಡುವ ಮನುಷ್ಯ. ಸಿಂಗಪುರದ ಪ್ರಜೆಯಾದ ಮೇಲೆ ಇದು ಅವರ ಮೊದಲ ಚುನಾವಣೆ. ಇಲ್ಲಿಯೋ, ದೇಶ ಹುಟ್ಟಿದಾಗಿನಿಂದ ಒಂದೇ ಪಕ್ಷದ ಆಳ್ವಿಕೆ.

ಆಳುವ ಪಕ್ಷದವರು ನಾವೆಲ್ಲ ಒಟ್ಟಿಗಿರುವ ಫ್ಲ್ಯಾಟಿಗೆ ಮತ ಕೇಳಲು ಬಂದರು. ಚಿಕ್ಕಪ್ಪ ಅವರನ್ನು ಕೂರಿಸಿ, ಚಕ್ಕುಲಿ ಕೊಟ್ಟು, ಮದುವೆ ಗಂಡಿನ ಬಗ್ಗೆ ವಿಚಾರಿಸುವವರಂತೆ ಕೇಳಿದರು: "ನಿಮ್ಮ ವಿರುದ್ಧ ನಿಂತಿದಾನಲ್ಲ, ಆ ಹುಡುಗ ಹೇಗೆ? ಒಳ್ಳೆಯವನಾ?"

ಪಾಪ, ಅವರು ಚಕ್ಕುಲಿ ತಿಂದು ಎದ್ದರು.

ಸಂಜೆ ಆ ಹುಡುಗನೇ ಬಂದ. ಬೆವರಿನಲ್ಲಿ ಅಂಗಿ ಒದ್ದೆ.

"ಗೆದ್ರೆ ಏನ್ ಮಾಡ್ತೀರಿ?" ಚಿಕ್ಕಪ್ಪ ಕೇಳಿದರು.

ಆತ ತಬ್ಬಿಬ್ಬಾದ. "ಅಂಕಲ್, ಇಷ್ಟು ಮನೆ ಹತ್ತಿ ಇಳಿದೆ. ಇದನ್ನ ಕೇಳಿದವರು ನೀವೇ ಮೊದಲು!"

ಅಲ್ಲಿಗೆ ಚಿಕ್ಕಪ್ಪನ ತಲೆ ಪೂರ್ತಿ ಕೆಟ್ಟಿತು.

"ಲಿಫ್ಟ್ ವರ್ಕ್ ಆಗತ್ತೆ, ಎಂಆರ್‌ಟಿ ಟ್ರೈನ್ ಟೈಮಿಗೆ ಬರತ್ತೆ. ಇನ್ನೇನಪ್ಪಾ ಬೇಕು ಲಾ!" ರಾತ್ರಿ ಊಟಕ್ಕೆ ಕೂತಾಗ ಎಂದಳು ಅವರ ಮಗಳು, ಸಿಂಗಪುರದವರಂತೆ ಕೊನೆಗೊಂದು 'ಲಾ' ಸೇರಿಸಿ.

"ಹೌದಲ್ವಾ?" ಎಂದರು ಚಿಕ್ಕಪ್ಪ. ಎರಡು ತುತ್ತು ತಿಂದು, "ಆದ್ರೆ ಪಾರ್ಲಿಮೆಂಟಲ್ಲಿ ಎಲ್ಲಾ ಅವರೇ ಆಗ್ಬಿಟ್ರೆ ಪ್ರಶ್ನೆ ಕೇಳೋರು ಯಾರು?"

"ಹಾಗಾದ್ರೆ ಆ ಹುಡುಗನಿಗೇ ಹಾಕಿ!" ಎಂದರು ಚಿಕ್ಕಮ್ಮ.

ಚಿಕ್ಕಪ್ಪ ಗಾಬರಿಯಿಂದ ತಟ್ಟೆ ಸರಿಸಿದರು. "ಅವನು ಗೆದ್ದುಬಿಟ್ರೆ?!"

ಮತದಾನದ ದಿನ ಒಳಗೆ ಹೋದವರು ಬೇಗ ಹೊರಗೆ ಬರಲೇ ಇಲ್ಲ. "ನಾನು ಸೀರೆ ಆರಿಸೋಕೂ ಇಷ್ಟು ಹೊತ್ತು ತಗೊಳಲ್ಲ," ಎಂದು ಚಿಕ್ಕಮ್ಮ ಗೊಣಗಿದರು. ಬಂದ ಮೇಲೂ ಯಾರಿಗೆ ಹಾಕಿದರೆಂದು ಚಿಕ್ಕಪ್ಪ ಬಾಯಿ ಬಿಡಲಿಲ್ಲ. ಫಲಿತಾಂಶ? ಎಲ್ಲರಿಗೂ ಗೊತ್ತಿದ್ದದ್ದೇ!

ಮರುದಿನ ಸೋತ ಹುಡುಗ ತೆರೆದ ಲಾರಿಯಲ್ಲಿ ನಿಂತು, ಮೈಕಿನಲ್ಲಿ ಥ್ಯಾಂಕ್ಸ್ ಹೇಳುತ್ತಾ ನಮ್ಮ ಬೀದಿಗೆ ಬಂದ. ಕಾರಿಡಾರುಗಳೆಲ್ಲ ಖಾಲಿ. ಚಿಕ್ಕಪ್ಪ ಕಾಫಿ ಕೆಳಗಿಟ್ಟವರೇ, ಒಂದೊಂದು ಕಾಲಿಗೆ ಒಂದೊಂದು ಬಗೆಯ ಚಪ್ಪಲಿ ಸಿಕ್ಕಿಸಿಕೊಂಡು ಲಿಫ್ಟಿಗೆ ಓಡಿದರು. ನಾನೂ ಹಿಂದೆ ಓಡಿದೆ. ರಸ್ತೆಯಂಚಿನಲ್ಲಿ ನಿಂತು ಎರಡೂ ಕೈ ಎತ್ತಿ ಬೀಸತೊಡಗಿದರು.

ಹುಡುಗ ಗುರುತು ಹಿಡಿದ. ಮುಖ ಅರಳಿತು. "ಥ್ಯಾಂಕ್ಯೂ ಅಂಕಲ್! ನಿಮ್ಮ ವೋಟಿಗೆ ಥ್ಯಾಂಕ್ಯೂ!"

ಚಿಕ್ಕಪ್ಪನ ಕೈಗಳು ಒಂದು ಕ್ಷಣ ಗಾಳಿಯಲ್ಲೇ ನಿಂತವು. ಮತ್ತೆ ಇನ್ನೂ ಜೋರಾಗಿ ಬೀಸಿದರು.

"ಕೊನೆಗೂ ಆ ಹುಡುಗನಿಗೇ ಹಾಕಿದ್ರಾ, ಚಿಕ್ಕಪ್ಪ?" ಮೆಲ್ಲಗೆ ಕೇಳಿದೆ.

"ಇಲ್ಲ ಕಣೇ," ಎಂದರು.

ಲಾರಿ ತಿರುವಿನಲ್ಲಿ ಮರೆಯಾಗುವವರೆಗೂ ಅವರು ಕೈ ಇಳಿಸಲಿಲ್ಲ.