ಬಸ್ಸು ಬಾರದ ದಿನ ಹದಿನೈದು ಅಡಿ

ತಲಕಾವೇರಿಯಿಂದ ಸಮುದ್ರದವರೆಗೆ ಕಾವೇರಿಯನ್ನು ಒಂದು ತೊಟ್ಟೂ ಬಿಡದೆ ಅಳೆದವನು ಈ ಭೂಮಿಯ ಮೇಲೆ ನಾನೊಬ್ಬನೇ. ಸುಳ್ಳು. ಭಾಗಮಂಡಲದಿಂದ ಸ್ವಲ್ಪ ಕೆಳಗೆ, ತಗ್ಗು ಸೇತುವೆಯ ಪಕ್ಕ, ಅಡಿ ಅಂಗುಲ ಗುರುತು ಹಾಕಿದ ಒಂದು ಗೇಜು ಕಂಬ ಇತ್ತು. ಅದನ್ನು ನೋಡಿ ಹೊಳೆಯಲ್ಲಿ ನೀರು ಎಷ್ಟು ಎಂದು ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ದಿನಾ ನೋಡಿ ಬರೆದಿದ್ದೇನೆ ಎಂದರೆ ಅದೂ ಸುಳ್ಳೇ. ಅಳೆಯುವವನ ಬಾಳಿನಲ್ಲಿ ಇಂಥ ಸುಳ್ಳುಗಳು ಆಗುತ್ತಲೇ ಇರುತ್ತವೆ. ಅವು ನಿಂತಿದ್ದರೆ ನಾನೂ ಒಂದಿಷ್ಟು ವಿಶ್ರಾಂತಿ ಪಡೆಯುತ್ತಿದ್ದೆ. ಕೂತುಕೊಳ್ಳಿ, ಆ ಕಂಬಕ್ಕೆ ಒರಗಿಕೊಳ್ಳಿ. ಕಾಕಾನ ಹೋಟೆಲಿನಲ್ಲಿ ಬೆನ್ನಿಗೆ ಆಸರೆ ಇರುವುದು ಅದೊಂದೇ ಜಾಗ. ಕಾಕಾ, ಎರಡು ಚಾ!

ಕೊಡಗು ಮೈಸೂರಿಗೆ ಸೇರಿ ಎರಡೋ ಮೂರೋ ಮಳೆಗಾಲ ಕಳೆದಿತ್ತು. ನಾನು ಹಂಗಾಮಿ ನೌಕರ. ಜೂನಿನಲ್ಲಿ ಕರೆಯುತ್ತಿದ್ದರು, ದೀಪಾವಳಿಗೆ ಕಳಿಸುತ್ತಿದ್ದರು. ಉಳಿದ ಏಳು ತಿಂಗಳು ಹೆಂಡತಿಯ ಅಣ್ಣನ ಕಾಫಿ ಎಸ್ಟೇಟಿನಲ್ಲಿ ಪಿಕ್ಕಿಂಗ್ ನೋಡಿಕೊಳ್ಳುವುದು, ಊಟಕ್ಕೆ ಕೂತಾಗ ಆ ಭಾವನ ಉಪದೇಶ ನುಂಗುವುದು. ಅನ್ನ ಒಳ್ಳೆಯದೇ ಇರುತ್ತಿತ್ತು, ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಆ ವರ್ಷ ಬಯಲುಸೀಮೆಯಿಂದ ಹೊಸ ಇಂಜಿನಿಯರ್ ಸಾಹೇಬರು ಬಂದರು. ಮೊದಲ ದಿನವೇ ಹೇಳಿದರು, "ನೋಡಯ್ಯ, ಮಳೆಗಾಲ ಮುಗಿಯೋದರೊಳಗೆ ಒಂದು ದಿನ ಹೇಳದೆ ಕೇಳದೆ ಬಂದು ನಾನೇ ನೀರು ಅಳೀತೀನಿ. ನನ್ನ ಲೆಕ್ಕ ನಿನ್ನ ಪುಸ್ತಕ ತಾಳೆ ಆದರೆ ನಿನಗೆ ಖಾಯಂ. ಆಗದಿದ್ದರೆ ಭಾವನ ತೋಟ ಇದ್ದೇ ಇದೆ."

ಭಾವನ ವಿಷಯ ಇವರಿಗೆ ಯಾರು ಹೇಳಿದರೋ. ಭಾವನೇ ಇರಬೇಕು.

೧. ಹಣ್ಣಿಗೊಂದು ಹೊಳೆ, ಕಾಯಿಗೊಂದು ಹೊಳೆ

ನೀರಿನ ವೇಗ ಅಳೆಯುವುದು ಸುಲಭ. ಮೇಲೆ ನಿಂತು ತೇಲುವ ಮರದ ಬಿಲ್ಲೆಯೊಂದನ್ನು ಹೊಳೆಗೆ ಬಿಡಬೇಕು. ಅದು ನೂರು ಅಡಿ ಕೆಳಗೆ ಮುಟ್ಟಿದಾಗ ಅಲ್ಲಿರುವವನು ಕೂಗಬೇಕು. ಎಷ್ಟು ಸೆಕೆಂಡು ಎಂದು ಬರೆದುಕೊಳ್ಳಬೇಕು. ಹೀಗೆ ಮೂರು ಸಲ ಮಾಡಿ ಸರಾಸರಿ ತೆಗೆಯಬೇಕು.

ಇಲಾಖೆ ಕೊಟ್ಟ ಬಿಲ್ಲೆಗಳು ಜುಲೈ ತಿಂಗಳಲ್ಲಿ ನಮ್ಮ ಒಲೆಗೆ ಹೋದವು. ಆ ತಿಂಗಳಲ್ಲಿ ಒಣಗಿದ ಸೌದೆ ಎಂದರೆ ಸರಕಾರದ್ದು ಮಾತ್ರ. ಅದಕ್ಕೆ ನಾನು ಕಿತ್ತಳೆ ಬಿಡತೊಡಗಿದೆ. ತೇಲುತ್ತದೆ, ದೂರಕ್ಕೆ ಕಾಣುತ್ತದೆ, ಭಾವನ ತೋಟದಲ್ಲಿ ಬೇಕಾದಷ್ಟು ಇದೆ. ಕೆಳಗೆ ನಿಂತು ಕೂಗುವ ಕೆಲಸ ನಮ್ಮ ಜವಾನನದು. ಪಟಾಲಮ್ಮಿನಿಂದ ನಿವೃತ್ತನಾಗಿ ಬಂದವನು, ಶಿಸ್ತಿನ ಮನುಷ್ಯ.

ಒಂದು ತಿಂಗಳ ಲೆಕ್ಕ ನೋಡಿ ಸಾಹೇಬರು ನನ್ನನ್ನು ಮಡಿಕೇರಿಗೆ ಕರೆಸಿದರು. "ಏನಯ್ಯ ಇದು? ಒಂದೇ ದಿನ, ಒಂದೇ ಹೊಳೆ. ಮೊದಲನೆಯದು ಇಪ್ಪತ್ತು ಸೆಕೆಂಡು, ಎರಡನೆಯದು ಮೂವತ್ತೈದು?"

ವಾಪಸು ಹೋಗಿ, ಒಬ್ಬ ಹುಡುಗನ ಕೈಯಲ್ಲಿ ಕಿತ್ತಳೆ ಬಿಡಿಸಿ, ನಾನು ಪೊದೆಯಲ್ಲಿ ಅಡಗಿ ನೋಡಿದೆ. ಕಿತ್ತಳೆ ಹಣ್ಣಾಗಿದ್ದರೆ ಜವಾನ ಸೊಂಟದ ನೀರಿಗಿಳಿದು, ಅದಕ್ಕೆ ಎದುರಾಗಿ ಹೋಗಿ ಹಿಡಿದುಕೊಂಡು "ಬಂತು!" ಎಂದು ಕೂಗುತ್ತಿದ್ದ. ಕಾಯಿ ಎಂದು ಕಂಡರೆ ದಡದಲ್ಲೇ ಬೀಡಿ ಸೇದುತ್ತಾ, ಅದು ದಾಟಿ ಹೋದ ಮೇಲೆ ಕೂಗುತ್ತಿದ್ದ.

ಸಾಹೇಬರಿಗೆ ಇದ್ದದ್ದನ್ನು ಹೇಳಿದೆ. ಅವರು ಕನ್ನಡಕ ತೆಗೆದು ಹಣೆ ಒತ್ತಿಕೊಂಡರು. "ತಪ್ಪಿನಲ್ಲಿ ಎರಡು ಜಾತಿ ಕಣಯ್ಯ. ಒಂದು ಅತ್ತಿತ್ತ ಓಡಾಡುವ ತಪ್ಪು, ಸರಾಸರಿ ತೆಗೆದರೆ ಅಡಗುತ್ತೆ. ಇನ್ನೊಂದು ದಿನಾ ಒಂದೇ ಕಡೆ ಎಳೆಯುವ ತಪ್ಪು. ಅದು ಎಷ್ಟು ಅಂತ ಗೊತ್ತಾದರೆ ಅದಕ್ಕೆ ತಿದ್ದುಪಡಿ ಹಾಕಬಹುದು."

"ಇದು ಯಾವ ಜಾತಿ ಸಾರ್?"

"ಇದು ಹೊಟ್ಟೆಬಾಕ ಜಾತಿ. ನಾಳೆಯಿಂದ ಹಾಗಲಕಾಯಿ ಬಿಡು."

೨. ಕಾಲ ನಿಂತ ಮದುವೆ

ಸೆಕೆಂಡು ನೋಡುವ ಗಡಿಯಾರ ಆಗಸ್ಟಿನಲ್ಲಿ ನನ್ನ ಕೈಯಿಂದ ಜಾರಿ ಹೊಳೆಗೆ ಬಿತ್ತು. ಅದೂ ಸ್ವಲ್ಪ ದೂರ ತೇಲಬಹುದೆಂದು ಕಾದೆ, ತೇಲಲಿಲ್ಲ. ಇನ್ನೊಂದು ಬರುವ ತನಕ ದೇವಸ್ಥಾನದ ಬೀದಿಯ ಭಟ್ಟರಿಂದ ಗಳಿಗೆ ಬಟ್ಟಲು ತಂದೆ. ತಳದಲ್ಲಿ ಸೂಜಿಮೊನೆಯಷ್ಟು ತೂತು ಇರುವ ತಾಮ್ರದ ಬಟ್ಟಲು. ನೀರಿನ ಮೇಲಿಟ್ಟರೆ ನಿಧಾನ ತುಂಬಿ, ಒಂದು ಗಳಿಗೆಗೆ ಸರಿಯಾಗಿ ಮುಳುಗುತ್ತದೆ. ನೀರಿನಿಂದ ಕಾಲ ಅಳೆಯುವ ಉಪಕರಣದಿಂದ ನಾನು ನೀರನ್ನೇ ಅಳೆಯಲು ಹೊರಟೆ. ಕೂಡಿ ಬರಲಿಲ್ಲ. ವಾಪಸು ಕೊಟ್ಟೆ, ತೂತಿನಲ್ಲಿ ಹೊಳೆಯ ಮರಳಿನ ಒಂದು ಕಣದ ಸಮೇತ.

ಅದರ ಮರುವಾರ ಒಂದು ಮದುವೆ. ಅಂತರಪಟದ ಆಚೆ ಹೆಣ್ಣು, ಈಚೆ ಗಂಡು, ಇಬ್ಬರ ಕೈಯಲ್ಲೂ ಹಾರ. ನಡುವೆ ಭಟ್ಟರ ಬಟ್ಟಲು, ಮುಳುಗುವ ಮಾತೇ ಇಲ್ಲ. ಅರ್ಧ ಗಂಟೆ ಆಯಿತು, ಒಂದು ಗಂಟೆ ಆಯಿತು. ಹೆಣ್ಣಿನ ತಂದೆ ಕೈಗಡಿಯಾರ ತೋರಿಸಿ, "ಭಟ್ಟರೇ, ಮುಹೂರ್ತ ಮೀರಿತು" ಎಂದರು.

"ನಿಮ್ಮ ಗಡಿಯಾರ ಓಡಿದೆ, ಕಾಲ ಓಡಿಲ್ಲ" ಎಂದರು ಭಟ್ಟರು, ಅಲ್ಲಾಡದೆ.

ಕೊನೆಗೆ ನಾನೇ ಎದ್ದು ಹೋಗಿ, ಭಟ್ಟರು ಮಂತ್ರಕ್ಕೆ ಕಣ್ಣು ಮುಚ್ಚಿದಾಗ ಸೂಜಿಯಿಂದ ತೂತು ಚುಚ್ಚಿದೆ. ಬಟ್ಟಲು ಗುಳುಂ ಎಂದಿತು, ವಾದ್ಯ ಮೊಳಗಿತು. ಹಾರ ಎತ್ತಿ ಹಿಡಿದು ತೋಳು ಸೋತಿದ್ದ ಗಂಡು ನನ್ನ ಕಿವಿಯಲ್ಲಿ ಕೇಳಿದ, "ಅಣ್ಣ, ಗೊತ್ತಿದ್ದರೆ ಮೊದಲೇ ಚುಚ್ಚಬಾರದಿತ್ತಾ?"

"ಪಾಯಸ ಇನ್ನೂ ಆಗಿರಲಿಲ್ಲ ಮಾರಾಯ."

೩. ಡಾಕ್ಟರ ಪಾದರಸ

ಖಾಯಂ ಆಗಬೇಕಾದವನಿಗೆ ಡಾಕ್ಟರ ಸರ್ಟಿಫಿಕೇಟು ಬೇಕು. ಹೋದೆ. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿ, ಕೊಳವೆಯಲ್ಲಿ ಪಾದರಸ ಏರಿಳಿಯುವುದನ್ನು ನೋಡಿ, "ಜಾಸ್ತಿ ಇದೆ" ಎಂದರು. ಇನ್ನೊಮ್ಮೆ ನೋಡಿದರು. ಇನ್ನೂ ಜಾಸ್ತಿ. ಮೂರನೆಯ ಸಲ ಅದಕ್ಕಿಂತ ಜಾಸ್ತಿ.

"ಡಾಕ್ಟರೇ, ಹೊಳೆಯನ್ನು ನಾನು ನೋಡಿದರೆ ಹೊಳೆ ಏರುವುದಿಲ್ಲ. ನನ್ನನ್ನು ನೀವು ನೋಡುತ್ತಿರುವುದರಿಂದಲೇ ನಾನು ಏರುತ್ತಿದ್ದೇನೆ" ಎಂದೆ.

"ಹೊರಗೆ ಬೆಂಚಿನ ಮೇಲೆ ಕೂತಿರಿ, ಕರೆಯುತ್ತೇನೆ" ಎಂದರು. ಕೂತೆ. ಬೆಂಚು ಸಿಕ್ಕಿದರೆ ನಾನು ಕೂತಲ್ಲೇ ಗೊರಕೆ. ಡಾಕ್ಟರೇ ಹೊರಗೆ ಬಂದು, ನನ್ನನ್ನು ಎಬ್ಬಿಸದೆ ಅಳೆದರಂತೆ. ಸರಿಯಾಗಿಯೇ ಇತ್ತಂತೆ.

ಸರ್ಟಿಫಿಕೇಟು ಕೈಗೆ ಕೊಡುತ್ತಾ ಹೇಳಿದರು, "ನಿದ್ದೆಯಲ್ಲಿದ್ದಾಗ ಪೂರ್ತಿ ಆರೋಗ್ಯ. ಸರಕಾರಿ ಕೆಲಸಕ್ಕೆ ಅಷ್ಟು ಸಾಕು."

೪. ಕಂಬ

ಈಗ ನಿಜ ಹೇಳಿಬಿಡುತ್ತೇನೆ, ಸುಳ್ಳು ಹೇಳುವುದಕ್ಕೂ ಸುಸ್ತಾಗುತ್ತದೆ. ಆಗಸ್ಟಿನ ಕೊನೆಯ ನೆರೆಗೆ ಗೇಜು ಕಂಬವೇ ಕೊಚ್ಚಿಕೊಂಡು ಹೋಯಿತು. ಹೋಗಿ ಈ ಹೋಟೆಲಿನ ಹಿಂದಿನ ಬಿದಿರು ಮೆಳೆಯಲ್ಲಿ ಸಿಕ್ಕಿಕೊಂಡಿತು. ಹೊಸ ಕಂಬ ಕೇಳಿದರೆ ಹಳೆಯದು ಹೇಗೆ ಹೋಯಿತು ಎಂಬ ವಿಚಾರಣೆ. ವಿಚಾರಣೆ ಎಂದರೆ ಹಂಗಾಮಿಯವನು ನೇರ ಭಾವನ ಊಟದ ಮಣೆಗೆ. ಸುಮ್ಮನಾದೆ.

ಆದರೆ ದಿನಾ ಅಳತೆ ಬೇಕಲ್ಲ? ಮಡಿಕೇರಿಯ ಬಸ್ಸು ತಗ್ಗು ಸೇತುವೆ ದಾಟಿಯೇ ಇಲ್ಲಿಗೆ ಬರಬೇಕು. ಬಸ್ಸು ಸಮಯಕ್ಕೆ ಬಂದರೆ ನಾಲ್ಕು ಅಡಿ ಎಂದು ಬರೆದೆ. ಫುಟ್‌ಬೋರ್ಡ್ ಒದ್ದೆಯಾಗಿದ್ದರೆ ಹನ್ನೆರಡು. ಡ್ರೈವರು ಸರಕಾರವನ್ನು ಬೈಯುತ್ತಾ ಇಳಿದರೆ ಹದಿಮೂರು. ಬಸ್ಸೇ ಬಾರದಿದ್ದರೆ ಹದಿನೈದು. ಜವಾನನೂ ನಾನೂ ಇಲ್ಲೇ ಚಾ ಕುಡಿಯುತ್ತಾ ಬರೆದ ಹಾಳೆಗಳು ವಾರಕ್ಕೊಮ್ಮೆ ಮಡಿಕೇರಿಗೆ ಹೋಗಿ, 'ಸ್ಥಳದಲ್ಲಿ ಪರಿಶೀಲಿಸಿದೆ' ಎಂಬ ಸಾಹೇಬರ ರುಜು ಹೊತ್ತು ಹಿಂದೆ ಬರುತ್ತಿದ್ದವು. ಸಾಹೇಬರಿಗೆ ಜಿಗಣೆ ಎಂದರೆ ಆಗುತ್ತಿರಲಿಲ್ಲ.

ಸೆಪ್ಟೆಂಬರಿನಲ್ಲಿ ಒಂದು ದಿನ ಬಸ್ಸು ಬರಲಿಲ್ಲ. ಇಲ್ಲಿ ಚುರುಚುರು ಬಿಸಿಲು. ಮೇಲೆ ಬೆಟ್ಟದಲ್ಲಿ ಸುರಿದಿರಬೇಕು ಎಂದುಕೊಂಡು ಹದಿನೈದು ಅಡಿ ಬರೆದೆ. ಶಾಯಿ ಆರಿರಲಿಲ್ಲ, ಬಾಗಿಲಲ್ಲಿ ಇಂಜಿನಿಯರ್ ಸಾಹೇಬರು. ಬಸ್ಸಿಗೆ ಕಾದು ಸಾಕಾಗಿ ಕಾಫಿ ಲಾರಿ ಹತ್ತಿ ಬಂದು, ಹೊಳೆಗಿಳಿದು ತಾವೇ ಅಳೆದು ಬಂದಿದ್ದರು. ಪ್ಯಾಂಟು ಮೊಣಕಾಲಿನವರೆಗೆ ಒದ್ದೆ, ಅಲ್ಲಿಂದ ಮೇಲೆ ಗರಿಗರಿ.

"ಎರಡು ಅಡಿ" ಎಂದು ಹೇಳಿ, ಕಂಬಕ್ಕೆ ಒರಗಿ ಕೂತು ಪುಸ್ತಕ ತೆಗೆದುಕೊಂಡರು. ಪುಸ್ತಕ ನೋಡಿದರು. ತಮ್ಮ ಪ್ಯಾಂಟು ನೋಡಿಕೊಂಡರು. "ಹದಿನೈದು ಅಡಿ ನೀರಲ್ಲಿ ನಾನು ನಡೆದು ಬಂದೆನೇನಯ್ಯ?"

ಜವಾನ ನನ್ನನ್ನು ಉಳಿಸಲು ಹೊರಟ. "ಸಾಹೇಬರು ಎತ್ತರ ಇದ್ದೀರಿ ಸಾರ್."

"ನೀನು ಸುಮ್ಮನಿರು. ಗೇಜು ಕಂಬ ಎಲ್ಲಿ? ಹೊಳೆಯಲ್ಲಿ ಕಾಣಲಿಲ್ಲ."

ನಾನು ಬಾಯಿ ತೆಗೆಯುವ ಮೊದಲೇ ಕಾಕಾ ಹೆಮ್ಮೆಯಿಂದ ಹೇಳಿದ, "ಎಂತ ಸಾರ್, ಒರಗಿ ಕೂತಿದ್ದೀರಲ್ಲ, ಅದೇ. ನೆರೆಯಲ್ಲಿ ಬಂತು. ನಮ್ಮ ಹಂಚಿನ ಮಾಡು ಬೀಳುತ್ತಿತ್ತು, ಆಸರೆ ಕೊಟ್ಟೆ. ಒಳ್ಳೇ ಮರ."

ಸಾಹೇಬರು ತಿರುಗಿದರು. ಅವರ ಕಿವಿಯ ಪಕ್ಕದಲ್ಲಿ ಬಿಳಿ ತಗಡಿನ ಮೇಲೆ ದಪ್ಪ ಕಪ್ಪು ನಾಲ್ಕು.

ತೋಟದಲ್ಲಿರುವ ಭಾವ ಉಪದೇಶಕ್ಕೆ ಗಂಟಲು ಸರಿಮಾಡಿಕೊಳ್ಳುವ ಸದ್ದು ನನಗೆ ಇಲ್ಲಿಗೇ ಕೇಳಿಸಿದಂತಾಯಿತು. ಎಲ್ಲ ಒಪ್ಪಿಕೊಂಡೆ. ಬಸ್ಸು, ಫುಟ್‌ಬೋರ್ಡು, ಡ್ರೈವರಿನ ಬೈಗುಳ, ಎಲ್ಲ.

"ಇವತ್ತು ಬಸ್ಸು ಯಾಕೆ ಬರಲಿಲ್ಲ ಹಾಗಾದರೆ?"

"ಇವತ್ತು ಡ್ರೈವರಿನ ನಾಡಿನಲ್ಲಿ ಕೈಲ್‌ಮುಹೂರ್ತ ಸಾರ್" ಎಂದ ಕಾಕಾ. "ಬೆಳಿಗ್ಗೆ ಕೋವಿ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಕಂಡಕ್ಟರೂ ಅಲ್ಲೇ."

ನಾಡಿಗೊಂದು ದಿನ ಹಬ್ಬ ಮಾಡುವವರು ನಾವು. ನಮ್ಮ ನಾಡಿನದು ಹಿಂದಿನ ವಾರವೇ ಮುಗಿದಿತ್ತು. ಕಡುಬು ಕರಗಿದ ಮೇಲೆ ನನಗೆ ಹಬ್ಬವೇ ಮರೆತುಹೋಗಿತ್ತು.

ಸಾಹೇಬರು ಪುಟ ತಿರುವಿದರು. ಹಿಂದಿನ ವಾರದ ಕೆಳಗೆ ಅವರ ರುಜು. ಅದರ ಹಿಂದಿನ ವಾರದ ಕೆಳಗೂ ಅವರದೇ ರುಜು. 'ಸ್ಥಳದಲ್ಲಿ ಪರಿಶೀಲಿಸಿದೆ.' ಚಾ ತರಿಸಿ ಕುಡಿದರು. ಆಮೇಲೆ ಎದ್ದು ಟೇಪು ಹಿಡಿದು, ಈ ಹೋಟೆಲಿನ ನೆಲಕ್ಕೂ ಹೊಳೆಯ ತಳಕ್ಕೂ ಎಷ್ಟು ಎತ್ತರ ಎಂದು ಅಳೆಸಿದರು. ಹದಿಮೂರು ಅಡಿ.

"ಇಲ್ಲಿಗೆ ಬಂದ ಮೇಲೆ ಕಂಬ ಕದಲಿಲ್ಲ ತಾನೇ? ಹಾಗಾದರೆ ಹದಿಮೂರು ಅಡಿ ಮೇಲೆ ನಿಂತಿದೆ, ಅಷ್ಟೇ. ದಿನಾ ಒಂದೇ ತಪ್ಪು. ದಿನಾ ಒಂದೇ ಆದರೆ ಅದು ತಪ್ಪಲ್ಲ ಕಣಯ್ಯ, ತಿದ್ದುಪಡಿ. ಹದಿನೈದರಲ್ಲಿ ಹದಿಮೂರು ಹೋದರೆ?"

"ಎರಡು ಸಾರ್."

"ನನ್ನ ಲೆಕ್ಕ ಎಷ್ಟು?"

"ಎರಡೇ ಸಾರ್."

ತಾಳೆಯಾಗಿಬಿಟ್ಟಿತಲ್ಲ ಎಂದು ಅವರಿಗೇ ಗಾಬರಿ. ಕಂಬ ಮೇಲೆ ಬಂದರೆ ಕಳೆಯಬೇಕೋ ಕೂಡಿಸಬೇಕೋ ಎಂದು ನನಗೊಂದು ಅನುಮಾನ ಬಂತು, ಆದರೆ ಖಾಯಂ ಆಗಬೇಕಾದವನು ಕೇಳುವ ಪ್ರಶ್ನೆ ಅದಲ್ಲ. ನಾಲ್ಕು ಅಡಿಯ ದಿನಗಳಲ್ಲಿ ಹದಿಮೂರು ಕಳೆದರೆ ಹೊಳೆ ಎಲ್ಲಿಗೆ ಹೋಗುತ್ತದೆ ಎಂದು ಅವರೂ ಕೇಳಲಿಲ್ಲ.

ದೀಪಾವಳಿಗೆ ಆರ್ಡರು ಬಂತು. ನಾನು ಖಾಯಂ. ಕೆಳಗೆ ಇನ್ನೊಂದು ಸಾಲು: ಗೇಜು ಕಂಬವನ್ನು ಈಗಿರುವ ಸ್ಥಳದಿಂದ ಲಿಖಿತ ಅನುಮತಿ ಇಲ್ಲದೆ ಕದಲಿಸಕೂಡದು. ಕಾಕಾನ ಮಾಡಿಗೆ ಸರಕಾರದ ರಕ್ಷಣೆ, ನನಗೆ ನಿವೃತ್ತಿಯವರೆಗೆ ಈ ಬೆಂಚು. ಭಾವ ಈಗ ಉಪದೇಶ ಮಾಡಬೇಕೆಂದರೆ ಇಲ್ಲಿಗೇ ಬಸ್ಸು ಹತ್ತಿ ಬರಬೇಕು. ಬಂದ ದಿನ ನಾಲ್ಕು ಅಡಿ ಬರೆಯುತ್ತೇನೆ.

ನಂಬಿಕೆ ಬರಲಿಲ್ಲವೇ? ಸ್ವಲ್ಪ ತಿರುಗಿ ನೋಡಿ, ನಿಮ್ಮ ಕಿವಿಯ ಪಕ್ಕ ಏನಿದೆ? ನಾಲ್ಕು. ಇಷ್ಟು ಹೊತ್ತು ಸರಕಾರಿ ಗೇಜಿಗೆ ಒರಗಿ ಕೂತಿದ್ದೀರಿ. ಒರಗಿದರೆ ಅದು ವಾಲುತ್ತದೆ, ವಾಲಿದರೆ ಇವತ್ತಿನ ಅಳತೆ ಕೆಡುತ್ತದೆ, ಪುಸ್ತಕದಲ್ಲಿ ನಿಮ್ಮ ಹೆಸರು ಬರೆಯಬೇಕಾಗುತ್ತದೆ. ಬೇಡ ಬಿಡಿ. ನನ್ನ ಚಾದ ದುಡ್ಡನ್ನೂ ನೀವೇ ಕಾಕಾನಿಗೆ ಕೊಟ್ಟುಬಿಡಿ, ತಿದ್ದುಪಡಿ ಆಯಿತು ಎಂದು ಬರೆದುಕೊಳ್ಳುತ್ತೇನೆ.