ಬಾಣಸವಾಡಿಯಲ್ಲಿ ಬಿಟ್ಟುಹೋದ ಲಂಗರು

ಫ್ರಾನ್ಸಿನ ಭಾರೀ ಯುದ್ಧನೌಕೆ ‘ಆಲ್ಜೇರಿ’ ಕುಡಿಯುವ ನೀರು ತುಂಬಿಸಿಕೊಳ್ಳಲು ಹಲಸೂರು ಕೆರೆಗೆ ಬಂದಿತ್ತೆಂದೂ, ಹೊರಡುವ ಅವಸರದಲ್ಲಿ ತನ್ನ ಲಂಗರನ್ನು ಬಾಣಸವಾಡಿಯಲ್ಲಿ ಮರೆತುಹೋಯಿತೆಂದೂ ಯಮುನಾ ಒಂಬತ್ತನೆಯ ವಯಸ್ಸಿನವರೆಗೆ ನಂಬಿದ್ದಳು. ಹತ್ತನೆಯ ವಯಸ್ಸಿನಲ್ಲಿ ಭೂಪಟ ನೋಡಿದಳು. ಕಥೆ ಹೇಳಿದ ತಾತ ಮುನಿಶಾಮಿಯವರನ್ನು ಪ್ರಶ್ನಿಸುವ ಧೈರ್ಯ ಬರುವಷ್ಟರಲ್ಲಿ ಅವರು ತೀರಿಕೊಂಡಿದ್ದರು.

ಲಂಗರು ಮಾತ್ರ ಪಾದಚಾರಿ ಮಾರ್ಗದಲ್ಲೇ ಇತ್ತು. ಅದಕ್ಕೆ ಕೊಡೆ ಕಟ್ಟಿ ಯಮುನಾಳ ಸೋದರತ್ತೆ ಆಂಜನಮ್ಮ ನಲವತ್ತು ವರ್ಷಗಳಿಂದ ಹೂವು ಮಾರುತ್ತಿದ್ದರು. ಕಳೆದ ಜೂನ್‌ನಲ್ಲಿ ಅನಾಥ ವಸ್ತು ವಿಲೇವಾರಿ ಉಪಕಚೇರಿಯವರು ಅದರ ಮೇಲೊಂದು ನೋಟೀಸು ಅಂಟಿಸಿದರು: ‘ಸದರಿ ಹಡಗು ಏಳು ದಿನಗಳೊಳಗೆ ಖುದ್ದು ಹಾಜರಾಗಿ ತನ್ನ ಲಂಗರನ್ನು ತೆಗೆದುಕೊಂಡು ಹೋಗತಕ್ಕದ್ದು. ತಪ್ಪಿದಲ್ಲಿ ಲಂಗರನ್ನೂ ಅದನ್ನು ಆಶ್ರಯಿಸಿದ ಅಂಗಡಿಯನ್ನೂ ತೆರವುಗೊಳಿಸಲಾಗುವುದು.’

ಕಾಲೇಜಿನಲ್ಲಿ ಇತಿಹಾಸ ಕಲಿಸುವ ಯಮುನಾ ಎರಡು ರಾತ್ರಿ ಕುಳಿತು ಹಡಗಿನ ಸೇವಾ ವಿವರವನ್ನು ಮೂರು ಪುಟಗಳಲ್ಲಿ ಬರೆದಳು. ಉಪಕಚೇರಿಯಲ್ಲಿ ಅಧೀಕ್ಷಕ ವೆಂಕಟಸ್ವಾಮಿ ಅದನ್ನು ಬೆರಳಿಟ್ಟು ಓದಿದರು. ೧೯೩೪ರಲ್ಲಿ ಸೇವೆಗೆ ಸೇರ್ಪಡೆ; ೧೯೪೦ರಲ್ಲಿ ಕೆನಡಾಕ್ಕೆ ಚಿನ್ನ ಸಾಗಣೆ; ಅದೇ ವರ್ಷ ಇಟಲಿಯ ತೀರದ ಮೇಲೆ ದಾಳಿ.

“ಒಂದೂ ರಜೆ ಹಾಕಿಲ್ಲ,” ಎಂದು ಮೆಚ್ಚಿದರು. “ಎಲ್ಲಿ ತೀರ್ಕೊಂಡಿದ್ದು ಮೇಡಂ?”

“ಫ್ರಾನ್ಸಿನ ಟೂಲಾನ್ ಬಂದರಲ್ಲಿ. ನಲವತ್ತೆರಡರ ನವೆಂಬರ್ ಇಪ್ಪತ್ತೇಳು. ಜರ್ಮನರ ಕೈಗೆ ಸಿಗಬಾರದು ಅಂತ ಅದರ ನಾವಿಕರೇ ಮುಳುಗಿಸಿದ್ರು. ಆಮೇಲೂ ಇಪ್ಪತ್ತು ದಿನ ಉರೀತು.”

“ಮುಳುಗಿತಾ, ಉರೀತಾ? ಇರೋದು ಒಂದೇ ಕಾಲಂ.” ವೆಂಕಟಸ್ವಾಮಿ ಪೆನ್ನು ಕೆಳಗಿಟ್ಟರು. “ಅಲ್ದೆ ಟೂಲಾನ್ ನಮ್ ವಾರ್ಡಿಗೆ ಬರಲ್ಲ. ಕೊನೇ ಸಲ ನಮ್ ಕಡೆ ಕಂಡಿತ್ತು ಅಂದ್ರೆ ಅದು ಬೇರೆ ಮಾತು. ಏಳು ವರ್ಷ ಸುದ್ದಿ ಇಲ್ದಿದ್ರೆ ತೀರ್ಕೊಂಡ ಹಾಗೆ. ಆಗ ಲಂಗರು ಸ್ಮಾರಕ ಆಗುತ್ತೆ. ಸ್ಮಾರಕದ ಪಕ್ಕ ಹೂವಿನಂಗಡಿ ಇರಲೇಬೇಕು, ನಿಯಮ ಇದೆ.”

“ಹಲಸೂರ್ ಕೆರೇಲಿ ಕಂಡಿತ್ತು ಸಾರ್,” ಎಂದರು ಜೊತೆಗೆ ಬಂದಿದ್ದ ಆಂಜನಮ್ಮ. “ನಮ್ಮಪ್ಪನೇ ನೋಡಿದ್ದು.”

“ಓದಿರೋರು ಯಾರಾದ್ರೂ ಸಾಕ್ಷಿ ಹಾಕ್ಬೇಕಮ್ಮ.”

ಇಬ್ಬರೂ ಯಮುನಾಳ ಕಡೆ ತಿರುಗಿದರು.

“ಅತ್ತೆ, ಅದು ಹತ್ತು ಸಾವಿರ ಟನ್ನಿನ ಹಡಗು. ತೇಲೋಕೇ ಆರು ಮೀಟರ್ ನೀರು ಬೇಕು.”

“ಆಗೆಲ್ಲ ಮಳೆ ಚೆನ್ನಾಗಿತ್ತು ಕಣೇ.” ಆಂಜನಮ್ಮ ಸೆರಗಿನಿಂದ ಕತ್ತು ಒರೆಸಿಕೊಂಡರು. “ನಿನ್ ಹಡಗು ಮುಳುಗಿ ಆಯ್ತು. ನನ್ನೂ ಮುಳುಗಿಸ್ತೀಯಾ?”

ಯಮುನಾ ಸಹಿ ಹಾಕಿದಳು. ಅಕ್ಷರ ಎಂದಿನಂತೆ ದುಂಡಗಿತ್ತು.

ನಿಯಮಾನುಸಾರ ಮೂವತ್ತು ದಿನಗಳ ಪ್ರಕಟಣೆ ಹೊರಬಿತ್ತು: ‘ಹಡಗು ಕಾಣೆಯಾಗಿದೆ. ಉದ್ದ ೧೮೬ ಮೀಟರ್. ಬಣ್ಣ ಬೂದು. ಎಂಟು ದೊಡ್ಡ ಫಿರಂಗಿಗಳಿವೆ. ಫ್ರೆಂಚ್ ಬಲ್ಲದು. ಕಂಡವರು ಕಚೇರಿ ವೇಳೆಯಲ್ಲಿ ತಿಳಿಸುವುದು.’ ಒಂದೇ ಒಂದು ಉತ್ತರ ಬಂತು. ಕೆ.ಆರ್. ಪುರದ ತೂಗುಸೇತುವೆಯ ಬಳಿ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದನ್ನು ನೋಡಿದ್ದಾಗಿ ಒಬ್ಬರು ಬರೆದಿದ್ದರು. ಸ್ಥಳ ಪರಿಶೀಲಿಸಿದ ಸಿಬ್ಬಂದಿಯೂ ಅಲ್ಲೇ ಮೂರು ಗಂಟೆ ಸಿಕ್ಕಿಕೊಂಡರಾದ್ದರಿಂದ, ಮಾಹಿತಿ ನಂಬಲರ್ಹವಾದರೂ ಹಡಗು ಪತ್ತೆಯಾಗಿಲ್ಲವೆಂದು ಷರಾ ಬರೆಯಲಾಯಿತು.

ಆಗಸ್ಟಿನಲ್ಲಿ ಫಲಕ ಬಂತು: ‘ಹಲಸೂರು ಕೆರೆಯಿಂದ ಕಾಣೆಯಾದ ಆಲ್ಜೇರಿಯ ಸ್ಮರಣಾರ್ಥ. ಸಾಕ್ಷಿ: ಯಮುನಾ, ಎಂ.ಎ.’ ಜನ ಚಪ್ಪಲಿ ಕಳಚಿ ನಿಲ್ಲತೊಡಗಿದರು. ಆಂಜನಮ್ಮನ ಸೇವಂತಿಗೆ ಹತ್ತು ಗಂಟೆಗೇ ಖಾಲಿಯಾಗುತ್ತಿತ್ತು.

ಫಲಕ ಕೂರಿಸಲು ತುಕ್ಕು ಉಜ್ಜಿದಾಗ ಲಂಗರಿನ ಬುಡದಲ್ಲಿ ಶಿವಾಜಿನಗರದ ಗುಜರಿ ಅಂಗಡಿಯೊಂದರ ಹೆಸರು ಕಂಡಿತ್ತು. ಒಂದು ಶನಿವಾರ ಯಮುನಾ ಅಲ್ಲಿಗೆ ಹೋದಳು. ಅಂಗಡಿ ನಡೆಸುತ್ತಿದ್ದ ಜಹನಾರಾ ಫೋಟೋ ನೋಡಿ ನಕ್ಕರು.

“ಅಯ್ಯೋ, ಇದು ನಮ್ ಅಬ್ಬಾ ಎಪ್ಪತ್ತೊಂದರಲ್ಲಿ ಮೀನಿನ ಹೋಟೆಲ್ ಗೇಟ್‌ಗೆ ಅಂತ ಮಾಡಿದ್ದು ಮೇಡಂ. ಜೋಡಿ. ಹೋಟೆಲ್ ಮುಚ್ಚಿದಾಗ ಒಂದನ್ನ ಅಲ್ಲಿನ ವಾಚ್‌ಮನ್ ಮುನಿಶಾಮಿ ಗಾಡಿ ಮೇಲೆ ಹಾಕ್ಕೊಂಡ್ ಹೋದ್ರು. ಇನ್ನೊಂದು ವಾಪಸ್ ನಮ್ ಹತ್ರಾನೇ ಬಂತು.”

“ಅದೀಗ ಎಲ್ಲಿದೆ?”

“ಹೋದ ವಾರ ವೆಂಕಟಸ್ವಾಮಿ ಅಂತ ಆಫೀಸರ್ ಬಂದು ತಗೊಂಡ್ರು. ಅವ್ರ ನಾದಿನಿ ರಾಮಮೂರ್ತಿ ನಗರದಲ್ಲಿ ಹೂವಿನಂಗಡಿ ಇಡ್ತಾರಂತೆ.”

ಯಮುನಾ ಭಾನುವಾರ ರಾಮಮೂರ್ತಿ ನಗರಕ್ಕೆ ಹೋಗಿ ಖುದ್ದಾಗಿ ಪರಿಶೀಲಿಸಿದಳು. ಲಂಗರು ನೆಟ್ಟಿತ್ತು, ಕೊಡೆ ಕಟ್ಟಿತ್ತು, ಫುಟ್‌ಪಾತಿನ ಅಂಚಿನಲ್ಲಿ ಚಪ್ಪಲಿಗಳಿದ್ದವು. ಫಲಕದ ಕೊನೆಯ ಸಾಲಿನಲ್ಲಿ ಸಾಕ್ಷಿಯ ಹೆಸರು ಅವಳದೇ ಇತ್ತು. ಎಂ.ಎ. ಕೂಡ ಸರಿಯಾಗಿತ್ತು.